ವ್ಯಾಕ್ಯೂಮ್ ಇಳೀತಾ ಇಲ್ವಾ? ಪಂಪ್ ಬದಲಿಸುವ ಮೊದಲು ಹೋಸ್ ನೋಡಿ

"ನಾಲ್ಕು ಸಿಎಫ್‌ಎಂ ಪಂಪ್ ಇದೆ, ಒಂದು ಗಂಟೆ ಓಡಿಸಿದರೂ ಮೈಕ್ರಾನ್ ಇಳೀತಾ ಇಲ್ಲ, ಆರು ಸಿಎಫ್‌ಎಂದು ತಗೊಳ್ಳಲಾ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ವ್ಯಾಕ್ಯೂಮ್ ಅಂದರೆ ಎಸಿಗೆ ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ಪಂಪಿನಿಂದ ಎಳೆದು ತೆಗೆಯೋದು. ಈಗಷ್ಟೇ ಐಟಿಐ ಮುಗಿಸಿದ ಹುಡುಗರೂ ಕೇಳುತ್ತಾರೆ, ವರ್ಷಗಟ್ಟಲೆ ಎಸಿ ಕೆಲಸ ಮಾಡಿದವರೂ ಕೇಳುತ್ತಾರೆ. ನಾನು ತಿರುಗಿ ಕೇಳೋದು ಒಂದೇ. ಪಂಪಿನಿಂದ ಔಟ್‌ಡೋರ್ ಯೂನಿಟ್‌ವರೆಗೆ ಯಾವ ಪೈಪ್ ಹಾಕಿದ್ದೀರಿ? ಹೆಚ್ಚಿನವರ ಉತ್ತರವೂ ಒಂದೇ: ಗೇಜ್ ಸೆಟ್ ಜೊತೆ ಬಂದ ಹಳದಿ ಚಾರ್ಜಿಂಗ್ ಲೈನ್, ಐದಡಿ ಉದ್ದ, ಮ್ಯಾನಿಫೋಲ್ಡ್ (ಗೇಜ್ ಮೀಟರ್‌ಗಳನ್ನು ಕೂರಿಸಿದ, ವಾಲ್ವ್ ಇರುವ ಲೋಹದ ತುಂಡು) ಮೂಲಕ.

ತೊಂದರೆ ಅಲ್ಲೇ ಇದೆ. ಪಂಪ್ ಎಷ್ಟು ದೊಡ್ಡದಿದ್ದರೂ ಗಾಳಿ ಬರಬೇಕಾದ್ದು ಆ ಸಣ್ಣ ತೂತಿನಿಂದಲೇ ಅಲ್ವಾ? ಹಾಗಾಗಿ ದುಡ್ಡು ಖರ್ಚು ಮಾಡೋದಾದರೆ ಮೊದಲು ಹೋಸ್‌ಗೆ, ಆಮೇಲೆ ಫಿಟಿಂಗ್‌ಗೆ, ಕೊನೆಗೆ ಪಂಪಿಗೆ. ಏನು ಕೊಳ್ಳಬೇಕು, ಹೇಗೆ ಜೋಡಿಸಬೇಕು, ಎಲ್ಲಿ ಎಡವುತ್ತೇವೆ, ಒಂದೊಂದಾಗಿ ಹೇಳುತ್ತೇನೆ.

ಮೊದಲು ಎರಡು ಮಾತು ಅಳತೆ ಬಗ್ಗೆ. ಮೈಕ್ರಾನ್ ಅಂದರೆ ಪಾದರಸದ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸಮುದ್ರಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ 7,60,000 ಮೈಕ್ರಾನ್. ನಾವು ಇಳಿಸಬೇಕಾದ್ದು 500ಕ್ಕಿಂತ ಕೆಳಗೆ. ಸಿಎಫ್‌ಎಂ ಅಂದರೆ ಪಂಪ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ ಅನ್ನೋದು. ಒಂದು ಸಿಎಫ್‌ಎಂ ಅಂದರೆ ಸುಮಾರು 28 ಲೀಟರ್.

ಗೇಜ್ ಸೆಟ್‌ನ ನೀಲಿ ಮೀಟರ್ ಮುಳ್ಳು ಕೊನೆಗೆ ಹೋಗಿ ನಿಂತಿತು, ವ್ಯಾಕ್ಯೂಮ್ ಆಯಿತು ಅಂತ ದಯವಿಟ್ಟು ನಂಬಬೇಡಿ. ಆ ಮೀಟರಿನಲ್ಲಿ ಪಾದರಸದ ಒಂದು ಇಂಚು ಅಂದರೆ 25,400 ಮೈಕ್ರಾನ್. ಮುಳ್ಳಿನ ದಪ್ಪದಲ್ಲೇ ಸಾವಿರಾರು ಮೈಕ್ರಾನ್ ಕಳೆದುಹೋಗುತ್ತದೆ. ಇನ್ನೊಂದು ವಿಷಯ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಮಂಗಳೂರಿನಲ್ಲಿ 30ರ ಹತ್ತಿರ ಹೋಗುವ ಮುಳ್ಳು ಇಲ್ಲಿ 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. "ಪಂಪ್ ವೀಕ್ ಆಗಿದೆ" ಅಂತ ಅದನ್ನು ರಿಪೇರಿಗೆ ಕೊಟ್ಟವರಿದ್ದಾರೆ. ಮೈಕ್ರಾನ್ ಗೇಜ್‌ಗೆ ಊರಿನ ಎತ್ತರದ ಲೆಕ್ಕ ಬೇಕಿಲ್ಲ. ಅದೊಂದು ನಿಮ್ಮ ಬ್ಯಾಗಿನಲ್ಲಿ ಇರಲೇಬೇಕು.

ಇಷ್ಟು ಕೆಳಗೆ ಯಾಕೆ ಇಳಿಸಬೇಕು ಅಂದರೆ ನೀರಿನ ಕಾರಣಕ್ಕೆ. ಗಾಳಿ ಬೇಗ ಹೊರಗೆ ಹೋಗುತ್ತದೆ, ಪೈಪಿನೊಳಗೆ ಅಂಟಿಕೊಂಡ ತೇವ ಹೋಗಲ್ಲ. ಅದು ಕುದಿದು ಆವಿಯಾಗಿಯೇ ಬರಬೇಕು. 25 ಡಿಗ್ರಿಯಲ್ಲಿ ನೀರು ಕುದಿಯಲು ಒತ್ತಡ ಸುಮಾರು 23,800 ಮೈಕ್ರಾನಿಗಿಂತ ಕೆಳಗಿರಬೇಕು. ಹಾಗೆ ಆವಿಯಾದ ಒಂದೇ ಒಂದು ಗ್ರಾಂ ನೀರು 500 ಮೈಕ್ರಾನ್ ಒತ್ತಡದಲ್ಲಿ ಸುಮಾರು 2,000 ಲೀಟರ್ ಜಾಗ ತುಂಬುತ್ತದೆ. ಒಂದು ಗ್ರಾಂ ಅಂದರೆ ಹತ್ತಿಪ್ಪತ್ತು ಹನಿ, ಅಷ್ಟೇ. ಮಳೆಗಾಲದಲ್ಲಿ ಉಡುಪಿಯಲ್ಲೋ ಕಾರವಾರದಲ್ಲೋ ಬಾಯಿ ಮುಚ್ಚದೆ ಇಟ್ಟ ತಾಮ್ರದ ಪೈಪಿನಲ್ಲಿ ಅಷ್ಟು ತೇವ ಇರೋದು ದೊಡ್ಡ ಮಾತಲ್ಲ. ಆ 2,000 ಲೀಟರ್ ನಿಮ್ಮ ಹೋಸ್ ದಾಟಿ ಬರಬೇಕು.

1. ಮೊದಲು ಯೂನಿಟ್ ಬಾಯಿಯ ಅಳತೆ ನೋಡಿ

ಹಳೆಯ ಆರ್ 22 ಗ್ಯಾಸಿನ ಮೆಷಿನ್‌ಗಳ ಸರ್ವಿಸ್ ಪೋರ್ಟ್, ಅಂದರೆ ಗ್ಯಾಸ್ ಹಾಕುವ ಪಿನ್ ವಾಲ್ವ್ ಬಾಯಿ, 1/4 ಇಂಚಿನದು. ಆರ್ 410ಎ ಮತ್ತು ಆರ್ 32 ಸ್ಪ್ಲಿಟ್‌ಗಳಲ್ಲಿ ಸಾಮಾನ್ಯವಾಗಿ 5/16 ಇಂಚು. ಎರಡರ ಥ್ರೆಡ್ ಬೇರೆ. ಬಲವಂತ ಮಾಡಿ ತಿರುಗಿಸಿದರೆ ಹಿತ್ತಾಳೆ ಥ್ರೆಡ್ ಹಾಳಾಗುತ್ತದೆ, ಆಮೇಲೆ ಇಡೀ ವಾಲ್ವ್ ಬದಲಿಸಬೇಕು. ಹೆಚ್ಚಿನವರು ಸಣ್ಣ ಅಡಾಪ್ಟರ್ ಹಾಕಿ 1/4 ಹೋಸ್ ಸಿಕ್ಕಿಸುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಆ ಅಡಾಪ್ಟರ್ ಒಳಗೆ ಪಿನ್ ಒತ್ತುವ ಕಡ್ಡಿ ಬೇರೆ ಇರುತ್ತದೆ, ದಾರಿ ಇನ್ನಷ್ಟು ಕಿರಿದಾಗುತ್ತದೆ, ಸೋರುವ ಜಾಗವೂ ಒಂದು ಜಾಸ್ತಿ. 5/16ಕ್ಕೇ ಆಗುವ ಕೋರ್ ಟೂಲ್ (ಬಾಯಿಯೊಳಗಿನ ಪಿನ್ ಬಿಚ್ಚುವ ಸಾಧನ, ಮೂರನೇ ಹಂತ ನೋಡಿ) ಸಿಗುತ್ತದೆ, ಅದನ್ನೇ ತಗೊಳ್ಳಿ.

ಪಂಪಿನ ಬಾಯಿಯನ್ನೂ ನೋಡಿ. ಎಷ್ಟೋ ಪಂಪ್‌ಗಳಲ್ಲಿ 1/4 ಮತ್ತು 3/8, ಎರಡೂ ಬಾಯಿ ಇರುತ್ತವೆ. 3/8ರ ಮೇಲಿನ ಮುಚ್ಚಳ ಕೊಂಡ ದಿನದಿಂದ ತೆಗೆದೇ ಇರುವುದಿಲ್ಲ. ಅದನ್ನು ತೆಗೆಯಿರಿ, ಅದೇ ನಿಮಗೆ ಬೇಕಾದ ಬಾಯಿ.

2. ಹೋಸ್: ಒಳಗಿನ ತೂತು ಎಷ್ಟಿದೆ ಅನ್ನೋದೇ ಮುಖ್ಯ

ಅಂಗಡಿಯಲ್ಲಿ "ಕಾಲಿಂಚು ಹೋಸ್" ಅಂದರೆ ಅದು ನಟ್‌ನ ಅಳತೆ. ಒಳಗಿನ ತೂತು ಅದಕ್ಕಿಂತ ಸಣ್ಣದಿರಬಹುದು, ಎಷ್ಟೋ ಹೋಸ್‌ಗಳಲ್ಲಿ 5 ಮಿಲಿಮೀಟರ್ ಆಸುಪಾಸು ಇರುತ್ತದೆ. ಕೊಳ್ಳುವ ಮೊದಲು ನೋಡುವ ಸುಲಭ ದಾರಿ: ಜೇಬಿನಲ್ಲಿ ಒಂದು 6 ಎಂಎಂ ಡ್ರಿಲ್ ಬಿಟ್ ಇಟ್ಟುಕೊಂಡು ಹೋಗಿ. ಅದರ ನುಣುಪಾದ ಹಿಂಬದಿಯನ್ನು ಹೋಸ್ ಬಾಯಿಗೆ ಹಾಕಿ ನೋಡಿ. ಹೋಗದಿದ್ದರೆ ಆ ಬಾಯಿಯಲ್ಲಿ ದಾರಿ 6 ಎಂಎಂಗಿಂತ ಕಿರಿದು ಅಂತ ಅರ್ಥ. ತುದಿಯ ಪಿನ್ ಒತ್ತುವ ಕಡ್ಡಿ ಅಡ್ಡ ಬಂದರೆ ಅದನ್ನು ತಿರುಗಿಸಿ ತೆಗೆದು ನೋಡಿ.

ತೂತಿನ ಅಳತೆಗೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಪೈಪಿನೊಳಗೆ ಗಾಳಿ ಹರಿಯುವ ಪ್ರಮಾಣ ಅಗಲ ದೊಡ್ಡದಾದಷ್ಟೂ ಸುಮ್ನೆ ಒಂದಕ್ಕೆರಡು ಏರಲ್ಲ. ಅಗಲವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದ ಹಾಗೆ ಏರುತ್ತದೆ. ಅಗಲ ಎರಡರಷ್ಟಾದರೆ ಹರಿವು 16 ಪಟ್ಟು. ವ್ಯಾಕ್ಯೂಮ್ ತುಂಬಾ ಆಳಕ್ಕೆ ಇಳಿದಾಗ ಈ ಲೆಕ್ಕ ಸ್ವಲ್ಪ ಬದಲಾಗಿ 8 ಪಟ್ಟಿನ ಕಡೆಗೆ ಬರುತ್ತದೆ, ಆಗಲೂ ಲಾಭ ದೊಡ್ಡದೇ. ಉದ್ದದ ಲೆಕ್ಕ ಸರಳ: ಉದ್ದ ಅರ್ಧ ಮಾಡಿದರೆ ಹರಿವು ಎರಡರಷ್ಟು.

ಒಂದು ಉದಾಹರಣೆ ನೋಡಿ. ಮೂರು ಸಿಎಫ್‌ಎಂ ಪಂಪ್, ಅಂದರೆ ನಿಮಿಷಕ್ಕೆ 85 ಲೀಟರ್. ಅದಕ್ಕೆ ಒಳಗೆ 5 ಎಂಎಂ ಇರುವ, ಒಂದೂವರೆ ಮೀಟರ್ ಉದ್ದದ ಹೋಸ್ ಹಾಕಿ. ಸಿಸ್ಟಂ 500 ಮೈಕ್ರಾನ್‌ನಲ್ಲಿದ್ದಾಗ ಲೆಕ್ಕ ಹಾಕಿದರೆ ಆ ಕಡೆಯಿಂದ ಬರೋದು ನಿಮಿಷಕ್ಕೆ ಎರಡು ಲೀಟರ್ ಆಸುಪಾಸು! ಅದೇ ಪಂಪಿಗೆ ಒಳಗೆ 9.5 ಎಂಎಂ ಇರುವ, ಮೂರಡಿಯ 3/8 ಹೋಸ್ ಹಾಕಿದರೆ ಇಪ್ಪತ್ತು ಲೀಟರಿನ ಸುತ್ತಮುತ್ತ ಬರುತ್ತದೆ. ಪಂಪ್ ಅದೇ, ಕರೆಂಟ್ ಅದೇ, ಕೆಲಸ ಹತ್ತು ಪಟ್ಟು. ಮೊದಲ ಹೋಸ್‌ಗೆ ನೀವು ಎಂಟು ಸಿಎಫ್‌ಎಂ ಪಂಪ್ ತಂದು ಕಟ್ಟಿದರೂ ಆ ಎರಡು ಲೀಟರ್ ಹೆಚ್ಚುಕಡಿಮೆ ಎರಡೇ ಆಗಿರುತ್ತದೆ.

ಹಾಗಾಗಿ ಮನೆ ಸ್ಪ್ಲಿಟ್ ಕೆಲಸಕ್ಕೆ ನನ್ನ ಸಲಹೆ: ಮೂರಡಿ ಉದ್ದದ, 3/8 ಇಂಚಿನ ಒಂದೇ ಒಂದು ಹೋಸ್, ಒಂದು ತುದಿ 3/8 ಪಂಪಿಗೆ, ಇನ್ನೊಂದು ತುದಿ ಕೋರ್ ಟೂಲ್‌ನ ಹೋಸ್ ಬಾಯಿಗೆ, ಆ ಬಾಯಿ 1/4 ಇದ್ದರೂ ಪರವಾಗಿಲ್ಲ. ತುದಿಯಲ್ಲಿ ಮಾತ್ರ ಕಿರಿದಾಗುವುದರಿಂದ ಅಷ್ಟು ನಷ್ಟವಿಲ್ಲ, ಇಡೀ ಉದ್ದ ಕಿರಿದಾಗಿರೋದೇ ತೊಂದರೆ. ಗೋಡೆಗೆ ತೂಗುಹಾಕಿದ ಔಟ್‌ಡೋರ್‌ಗೆ ಮೂರಡಿ ಸಾಲಲ್ಲ ಅನ್ನೋ ಮಾತು ನಿಜ. ಆಗ ಐದಡಿಯ ಅರ್ಧ ಇಂಚು ಹೋಸ್ ನೋಡಿ. ಅದೂ ಸಿಗದಿದ್ದರೆ ಐದಡಿಯ 3/8. 1/4ಕ್ಕೆ ಮಾತ್ರ ವಾಪಸ್ ಹೋಗಬೇಡಿ.

ಇಲ್ಲಿ ಒಂದು ಎಚ್ಚರಿಕೆ, ಇದು ಜೀವದ ಪ್ರಶ್ನೆ. ವ್ಯಾಕ್ಯೂಮ್‌ಗೆ ಅಂತಲೇ ಮಾಡಿದ ಕೆಲವು ದಪ್ಪ ಹೋಸ್‌ಗಳು ಒತ್ತಡ ತಡೆಯುವುದಿಲ್ಲ. ಆರ್ 32 ಸಿಸ್ಟಂನಲ್ಲಿ ಬೇಸಿಗೆಯಲ್ಲಿ ಕಂಡೆನ್ಸರ್ ಕಡೆ ಒತ್ತಡ 400 ಪಿಎಸ್‌ಐ ದಾಟುತ್ತದೆ. ಗ್ಯಾಸ್ ಚಾರ್ಜಿಂಗ್‌ಗೆ, ನೈಟ್ರೋಜನ್ ಟೆಸ್ಟಿಂಗ್‌ಗೆ 800 ಪಿಎಸ್‌ಐ ಕೆಲಸದ ಒತ್ತಡ ಅಂತ ಮೇಲೆ ಅಚ್ಚು ಹಾಕಿರುವ ಹೋಸ್ ಬೇರೆ ಇಟ್ಟುಕೊಳ್ಳಿ. ಎರಡಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ. ಬೇರೆ ಇಡಲು ಇನ್ನೊಂದು ಕಾರಣವೂ ಇದೆ. ಚಾರ್ಜಿಂಗ್ ಲೈನಿನ ಒಳಗಿನ ರಬ್ಬರ್ ಗ್ಯಾಸ್ ಮತ್ತು ಎಣ್ಣೆ ಹೀರಿಕೊಂಡಿರುತ್ತದೆ, ವ್ಯಾಕ್ಯೂಮ್ ಮಾಡುವಾಗ ಅದು ನಿಧಾನವಾಗಿ ಹೊರಗೆ ಬರುತ್ತಾ ಮೈಕ್ರಾನ್ ಇಳಿಯಲು ಬಿಡುವುದಿಲ್ಲ.

3. ಕೋರ್ ತೆಗೆಯಿರಿ

ಸರ್ವಿಸ್ ಪೋರ್ಟ್ ಒಳಗೆ ಬೈಕ್ ಟ್ಯೂಬಿನ ವಾಲ್ವ್‌ನಲ್ಲಿ ಇರುವಂಥ ಒಂದು ಸಣ್ಣ ಪಿನ್ ಇರುತ್ತದೆ, ಅದೇ ಕೋರ್. ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿ. ಸ್ಪ್ರಿಂಗ್, ಸರಳು, ರಬ್ಬರ್ ಎಲ್ಲಾ ಸೇರಿ ಗಾಳಿಗೆ ಉಳಿಯೋದು ಅಂಚಿನ ಸುತ್ತ ಒಂದು ಕೂದಲೆಳೆಯಂಥ ಸಂದು. ಅರ್ಧ ಇಂಚು ಹೋಸ್ ಹಾಕಿ ಈ ಕೋರ್ ಹಾಗೇ ಬಿಟ್ಟರೆ ಹೋಸ್‌ಗೆ ಕೊಟ್ಟ ದುಡ್ಡು ನೀರಿನಲ್ಲಿ ಹೋಮ ಮಾಡಿದ ಹಾಗೆ.

ಇದಕ್ಕೆ ಕೋರ್ ರಿಮೂವರ್ ಟೂಲ್ ಬೇಕು. ಪೋರ್ಟ್‌ಗೆ ಸಿಕ್ಕಿಸಿ, ಕಡ್ಡಿಯಿಂದ ಕೋರ್ ಬಿಚ್ಚಿ ಹಿಂದಕ್ಕೆ ಎಳೆದು, ಬಾಲ್ ವಾಲ್ವ್ ಮುಚ್ಚಿ, ಕಡ್ಡಿ ತೆಗೆದು ಅದೇ ಬಾಯಿಗೆ ಹೋಸ್ ಹಾಕಬಹುದು. ಸಿಸ್ಟಂನಲ್ಲಿ ಗ್ಯಾಸ್ ಇದ್ದಾಗಲೂ ಕೋರ್ ತೆಗೆದು ಹಾಕಬಹುದು. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಬಾಲ್ ವಾಲ್ವ್ ಪೂರ್ತಿ ತೆರೆದಾಗ ಒಳಗೆ ನೇರವಾಗಿ ಬೆಳಕು ಕಾಣಬೇಕು, ಅಂಚು ಅಡ್ಡ ಬರಬಾರದು. ಎರಡು, ಪಕ್ಕದಲ್ಲಿರುವ ಬಾಯಿ ಬಾಲ್ ವಾಲ್ವ್‌ನ ಯಾವ ಕಡೆ ಇದೆ? ಸಿಸ್ಟಂ ಕಡೆಯೋ, ಪಂಪ್ ಕಡೆಯೋ? ಊದಿ ನೋಡಿದರೆ ಗೊತ್ತಾಗುತ್ತದೆ. ಇದು ಯಾಕೆ ಮುಖ್ಯ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

4. ಮ್ಯಾನಿಫೋಲ್ಡ್ ಬಿಡಿ, ವಾಶರ್ ನೋಡಿ

ವ್ಯಾಕ್ಯೂಮ್ ಮಾಡುವಾಗ ಗೇಜ್ ಮ್ಯಾನಿಫೋಲ್ಡ್ ನಡುವೆ ಬೇಡವೇ ಬೇಡ. ಅದರ ಒಳದಾರಿ ಕಿರಿದು, ತಿರುವು ಜಾಸ್ತಿ, ಒಂದೊಂದು ಹಿಡಿಯ ಕೆಳಗೂ ಒಂದೊಂದು ಓ-ರಿಂಗ್, ಅಂದರೆ ಸೋರಲು ಒಂದೊಂದು ಜಾಗ. ಪಂಪ್, ಹೋಸ್, ಕೋರ್ ಟೂಲ್, ಸಿಸ್ಟಂ. ಇಷ್ಟೇ ಸಾಕು.

ಹೋಸ್ ತುದಿಯಲ್ಲಿ ಒಂದು ಸಣ್ಣ ರಬ್ಬರ್ ವಾಶರ್ ಇರುತ್ತದಲ್ಲ, ಅದರ ಮೇಲೆ ಕಣ್ಣಿಡಿ. ಒಂದು ಮಳೆಗಾಲದಲ್ಲಿ ನಾನು ಹೊಸದಾಗಿ ಕೂರಿಸಿದ ಒಂದೂವರೆ ಟನ್ ಸ್ಪ್ಲಿಟ್‌ನ ಮುಂದೆ ಅರ್ಧ ದಿನ ಕಳೆದೆ. 1,800 ಮೈಕ್ರಾನಿನಲ್ಲಿ ನಿಂತು ಕದಲಲಿಲ್ಲ. ಫ್ಲೇರ್, ಅಂದರೆ ತಾಮ್ರದ ಪೈಪಿನ ಬಾಯನ್ನು ತುತ್ತೂರಿಯ ಬಾಯಿಯ ಹಾಗೆ ಅಗಲ ಮಾಡಿದ ಜೋಡಣೆ, ಎರಡೂ ಕಡೆ ಮತ್ತೆ ಹೊಡೆದೆ. ಕೊನೆಗೆ ನೋಡಿದರೆ ಹೋಸ್ ವಾಶರ್‌ನಲ್ಲಿ ಉಗುರಿನ ಗುರುತಿನಷ್ಟು ಸೀಳು. ಒತ್ತಡ ಇದ್ದಾಗ ಹಿಡಿದುಕೊಳ್ಳುವ ವಾಶರ್ ವ್ಯಾಕ್ಯೂಮ್‌ನಲ್ಲಿ ಸೋರಬಹುದು. ಹತ್ತು ವಾಶರ್ ಒಂದು ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿಡಿ. ಹಾಕುವ ಮೊದಲು ಕಂಪ್ರೆಸರ್ ಎಣ್ಣೆ ಒಂದು ಹನಿ ಸವರಿ. ಕೈಯಲ್ಲೇ ಬಿಗಿ ಮಾಡಿ, ಇಕ್ಕಳ ಹಾಕಿದರೆ ವಾಶರ್ ಚಪ್ಪಟೆಯಾಗಿ ತೂತಿನೊಳಗೆ ನುಗ್ಗುತ್ತದೆ.

ಟೆಫ್ಲಾನ್ ಟೇಪ್ ಬೇಡ.  ಫ್ಲೇರ್ ಮುಚ್ಚಿಕೊಳ್ಳೋದು ಅದರ ಇಳಿಜಾರಿನ ಮುಖದಲ್ಲಿ, ಥ್ರೆಡ್‌ನಲ್ಲಿ ಅಲ್ಲ. ಟೇಪ್ ಸುತ್ತಿದರೆ ಸೋರಿಕೆ ನಿಲ್ಲಲ್ಲ, ಅದರ ಎಳೆ ಒಳಗೆ ಹೋಗಿ ಸಿಕ್ಕಿಕೊಳ್ಳುವ ಭಯ ಬೇರೆ. ಒತ್ತಿದರೆ ತಟ್ಟನೆ ಕೂರುವ ಕ್ವಿಕ್ ಕಪ್ಲರ್‌ಗಳನ್ನೂ ಗ್ಯಾಸ್ ಹಾಕುವಾಗ ಬಳಸಿ, ವ್ಯಾಕ್ಯೂಮ್‌ಗೆ ಬೇಡ.

5. ಮೈಕ್ರಾನ್ ಗೇಜ್ ಎಲ್ಲಿ ಹಾಕಬೇಕು

ಪಂಪಿನ ಮೇಲೆ ಹಾಕಬೇಡಿ. ಅಲ್ಲಿ ಹಾಕಿದರೆ ಐದು ನಿಮಿಷಕ್ಕೆ 200 ತೋರಿಸುತ್ತದೆ, ಆ ಕಡೆ ಸಿಸ್ಟಂನಲ್ಲಿ ಇನ್ನೂ 3,000 ಇರಬಹುದು. ಗೇಜ್ ಪಂಪಿನಿಂದ ಎಷ್ಟು ದೂರ ಇದ್ದರೆ ಅಷ್ಟು ಸತ್ಯ ಹೇಳುತ್ತದೆ. ಆದರೆ ನಮ್ಮ ಮನೆ ಸ್ಪ್ಲಿಟ್‌ಗಳಲ್ಲಿ ಸಾಮಾನ್ಯವಾಗಿ ದಪ್ಪ ಪೈಪಿನ ಕಡೆ ಒಂದೇ ಸರ್ವಿಸ್ ಪೋರ್ಟ್ ಇರೋದು. ಹಾಗಾಗಿ ಕೋರ್ ಟೂಲ್‌ನ ಪಕ್ಕದ ಬಾಯಿಗೇ ಹಾಕಬೇಕು.

ಆ ಬಾಯಿ ಸಿಸ್ಟಂ ಕಡೆ ಇದ್ದರೆ ಒಳ್ಳೆಯದು: ಬಾಲ್ ವಾಲ್ವ್ ಮುಚ್ಚಿದಾಗ ಪಂಪ್ ಮತ್ತು ಹೋಸ್ ಕಡಿದುಹೋಗಿ, ಗೇಜ್ ಬರೀ ಸಿಸ್ಟಂ ನೋಡುತ್ತದೆ. ಆದರೆ ಗ್ಯಾಸ್ ಬಿಟ್ಟಾಗ ಆ ಒತ್ತಡ ಗೇಜ್‌ಗೂ ಬೀಳುತ್ತದೆ, ಅದು ಎಷ್ಟು ತಡೆಯುತ್ತದೆ ಅಂತ ಮೊದಲೇ ಓದಿಕೊಳ್ಳಿ. ಬಾಯಿ ಪಂಪ್ ಕಡೆ ಇದ್ದರೆ ವಾಲ್ವ್ ಮುಚ್ಚಿದ ಕೂಡಲೇ ಗೇಜ್ ಸಿಸ್ಟಂನಿಂದ ಬೇರೆಯಾಗುತ್ತದೆ, ನೀವು ನೋಡುತ್ತಿರೋದು ಬರೀ ಹೋಸ್‌ನ ಲೆಕ್ಕ. ಅಂಥ ಟೂಲ್ ಇದ್ದರೆ ಹೋಸ್‌ನ ಪಂಪ್ ತುದಿಗೆ ಇನ್ನೊಂದು ಬಾಲ್ ವಾಲ್ವ್ ಹಾಕಿ, ಅದನ್ನು ಮುಚ್ಚಿ ಪರೀಕ್ಷೆ ಮಾಡಿ. ಗೇಜ್ ಯಾವಾಗಲೂ ನೆಟ್ಟಗೆ, ಮೇಲ್ಮುಖವಾಗಿ ಇರಲಿ, ಸೆನ್ಸರ್‌ಗೆ ಎಣ್ಣೆ ಇಳಿಯಬಾರದು.

6. ಕೆಲಸಕ್ಕೆ ಹೋಗುವ ಮೊದಲು ಹೋಸ್ ಪರೀಕ್ಷಿಸಿ

ಪಂಪ್, ಬಾಲ್ ವಾಲ್ವ್, ಹೋಸ್, ಕೋರ್ ಟೂಲ್, ಮೈಕ್ರಾನ್ ಗೇಜ್ ಎಲ್ಲಾ ಜೋಡಿಸಿ. ಸಿಸ್ಟಂಗೆ ಹೋಗುವ ಬಾಯನ್ನು ಫ್ಲೇರ್ ಕ್ಯಾಪ್‌ನಿಂದ ಮುಚ್ಚಿ. ಪಂಪ್ ಓಡಿಸಿ. ಒಳ್ಳೆಯ ಪಂಪ್, ಹೊಸ ಎಣ್ಣೆ, ಸರಿಯಾದ ಹೋಸ್ ಇದ್ದರೆ 100 ಮೈಕ್ರಾನಿಗಿಂತ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಮೊದಲು ಪಂಪಿನ ಎಣ್ಣೆ ಬದಲಿಸಿ, ಬೆಳ್ಳಗೆ ಮಜ್ಜಿಗೆಯ ಹಾಗೆ ಆಗಿದ್ದರೆ ಅದು ನೀರು ಕುಡಿದಿದೆ. ಆಮೇಲೂ ಇಳಿಯದಿದ್ದರೆ ಹೋಸ್ ಬಿಟ್ಟು ಗೇಜನ್ನು ನೇರ ಪಂಪಿಗೆ ಹಾಕಿ ನೋಡಿ. ತಪ್ಪು ಯಾವುದರದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ಹೊಸ ಹೋಸ್ ಮೊದಲ ಸಲ ಸ್ವಲ್ಪ ಸತಾಯಿಸುತ್ತದೆ, ಒಂದು ಗಂಟೆ ಹಾಗೇ ಓಡಲು ಬಿಡಿ.

7. ಜಾಗದಲ್ಲಿ ಕೆಲಸದ ಕ್ರಮ

ಹಳೆಯ ಮೆಷಿನ್ ಆದರೆ ಒಳಗಿನ ಗ್ಯಾಸನ್ನು ರಿಕವರಿ ಮೆಷಿನ್‌ನಿಂದ ಸಿಲಿಂಡರಿಗೆ ತೆಗೆಯಿರಿ, ಗಾಳಿಗೆ ಬಿಡಬೇಡಿ. ಆರ್ 410ಎ ಒಂದು ಕಿಲೋ ಬಿಟ್ಟರೆ ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ಆರ್ 32ಕ್ಕೆ ಬೆಂಕಿ ಹತ್ತುತ್ತದೆ ಅನ್ನೋದೂ ನೆನಪಿರಲಿ.

ಆಮೇಲೆ ಒಣ ನೈಟ್ರೋಜನ್‌ನಿಂದ ಒತ್ತಡ ಪರೀಕ್ಷೆ. ಇದಕ್ಕೆ 800 ಪಿಎಸ್‌ಐ ಹೋಸ್, ರೆಗ್ಯುಲೇಟರ್ ಕಡ್ಡಾಯ, ವ್ಯಾಕ್ಯೂಮ್ ಹೋಸ್ ಮತ್ತು ಮೈಕ್ರಾನ್ ಗೇಜ್ ಬಿಚ್ಚಿರಬೇಕು. ನೈಟ್ರೋಜನ್ ಸಿಗಲಿಲ್ಲ ಅಂತ ಆಕ್ಸಿಜನ್ ಸಿಲಿಂಡರ್ ಯಾವತ್ತೂ ಹಾಕಬೇಡಿ. ಕಂಪ್ರೆಸರ್ ಎಣ್ಣೆ ಮತ್ತು ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ.

ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ನೈಟ್ರೋಜನ್ ಬಿಟ್ಟು, ಕೋರ್ ತೆಗೆದು, ಪಂಪ್ ಓಡಿಸಿ. ಗಡಿಯಾರ ನೋಡಬೇಡಿ, ಗೇಜ್ ನೋಡಿ. 500ರ ಕೆಳಗೆ ಬಂದ ಮೇಲೆ ಬಾಲ್ ವಾಲ್ವ್ ಮುಚ್ಚಿ, ಆಮೇಲೆ ಪಂಪ್ ಆಫ್ ಮಾಡಿ. ಈ ಕ್ರಮ ತಪ್ಪಿದರೆ ಪಂಪಿನ ಎಣ್ಣೆ ಹೋಸ್‌ಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹತ್ತು ನಿಮಿಷ ಕಾಯಿರಿ. ಸ್ವಲ್ಪ ಏರಿ 1,000ದ ಒಳಗೆ ನಿಂತರೆ ಸರಿ. ಏರಿ ಒಂದು ಮಟ್ಟದಲ್ಲಿ, ಅದಕ್ಕಿಂತ ಮೇಲೆ ನಿಂತರೆ ಒಳಗೆ ತೇವ ಇದೆ: ನೈಟ್ರೋಜನ್ ತುಂಬಿ, ಬಿಟ್ಟು, ಮತ್ತೆ ಎಳೆಯಿರಿ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಕಂಪನಿಯ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಮುಗಿದ ಖುಷಿಯಲ್ಲಿ ಟೂಲ್ ಬಿಚ್ಚಬೇಡಿ! ಒಳಗೆ ಇನ್ನೂ ವ್ಯಾಕ್ಯೂಮ್ ಇದೆ, ಬಿಚ್ಚಿದ ಕ್ಷಣ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮೊದಲು ಔಟ್‌ಡೋರ್ ವಾಲ್ವ್ ತೆರೆದು ಗ್ಯಾಸ್ ಬಿಡಿ, ಟೂಲ್‌ನಿಂದಲೇ ಕೋರ್ ವಾಪಸ್ ಹಾಕಿ, ಆಮೇಲೆ ಟೂಲ್ ತೆಗೆಯಿರಿ. ವ್ಯಾಕ್ಯೂಮ್ ಇರುವಾಗ ಕಂಪ್ರೆಸರ್‌ಗೆ ಕರೆಂಟ್ ಕೊಡಲೇಬೇಡಿ, ಒಳಗಿನ ಟರ್ಮಿನಲ್ ಮತ್ತು ವೈಂಡಿಂಗ್‌ನಲ್ಲಿ ಕಿಡಿ ಹಾರಿ ಸುಟ್ಟುಹೋಗುತ್ತದೆ.

8. ಫ್ರಿಜ್ ಮತ್ತು ಕೋಲ್ಡ್ ರೂಮ್

ಮನೆ ಫ್ರಿಜ್‌ನಲ್ಲಿ ದೊಡ್ಡ ಹೋಸ್‌ನಿಂದ ಅಷ್ಟು ಲಾಭ ಸಿಗಲ್ಲ. ಅಲ್ಲಿ ಕಿರಿದಾದ ಜಾಗ ಸಿಸ್ಟಂ ಒಳಗೇ ಇದೆ, ಅದೇ ಕ್ಯಾಪಿಲರಿ, ಕೂದಲಿನಂಥ ತಾಮ್ರದ ಕೊಳವೆ. ಪ್ರೊಸೆಸ್ ಟ್ಯೂಬ್ (ಕಂಪ್ರೆಸರ್‌ನಲ್ಲಿ ಗ್ಯಾಸ್ ಹಾಕುವ ಕೊಳವೆ) ಕಡೆಯಿಂದ ಮಾತ್ರ ಎಳೆದರೆ ಕಂಡೆನ್ಸರ್ ಕಡೆಯ ಗಾಳಿ ಆ ಕೊಳವೆ ಮೂಲಕವೇ ಬರಬೇಕು. ಹೊಸ ಫಿಲ್ಟರ್ ಡ್ರೈಯರ್ (ತೇವ, ಕಸ ಹಿಡಿಯುವ ಸಣ್ಣ ಡಬ್ಬಿ) ಹಾಕುವಾಗ ಎರಡು ಬಾಯಿಯದು ತಗೊಂಡು, ಆ ಕಡೆಯಿಂದಲೂ ಎಳೆಯಿರಿ. ಪೈಪಿಗೆ ಚುಚ್ಚಿ ಕೂರಿಸುವ ಪಿಯರ್ಸಿಂಗ್ ವಾಲ್ವ್‌ನಿಂದ ವ್ಯಾಕ್ಯೂಮ್ ಮಾಡಬೇಡಿ, ಅದರ ತೂತು ತೀರಾ ಸಣ್ಣದು.

ಕೋಲ್ಡ್ ರೂಮ್, ಹಳ್ಳಿಯ ಹಾಲಿನ ಡೈರಿಯ ಬಲ್ಕ್ ಕೂಲರ್ ಇಂಥವುಗಳಿಗೆ ಲೋ ಮತ್ತು ಹೈ ಎರಡೂ ಕಡೆಯಿಂದ ಒಂದೊಂದು ದಪ್ಪ ಹೋಸ್ ತಂದು ಪಂಪಿನ ಬಳಿ ಸೇರಿಸಿ. ಆ ಕೂಡುವ ಟೀ ಫಿಟಿಂಗ್ 3/8ಕ್ಕಿಂತ ಸಣ್ಣದಿರಬಾರದು. ಲಿಕ್ವಿಡ್ ಲೈನಿನಲ್ಲಿ ಸೊಲೆನಾಯ್ಡ್ ವಾಲ್ವ್ ಇದ್ದರೆ, ಅಂದರೆ ಕರೆಂಟ್ ಬಂದಾಗ ಮಾತ್ರ ತೆರೆಯುವ ವಾಲ್ವ್, ಅದನ್ನು ಮ್ಯಾಗ್ನೆಟ್ ಇಟ್ಟು ತೆರೆದುಕೊಳ್ಳಿ. ಅದು ಮುಚ್ಚಿದ್ದರೆ ನಡುವಿನ ಪೈಪಿನ ಗಾಳಿ ಸರಿಯಾಗಿ ಹೊರಗೆ ಬರಲ್ಲ, ನಿಮ್ಮ ಗೇಜ್ ಮಾತ್ರ 300 ತೋರಿಸುತ್ತಾ ಇರುತ್ತದೆ.

ಕೆಲಸ ಮುಗಿದ ಮೇಲೆ ಹೋಸ್‌ನ ಎರಡೂ ತುದಿಗೆ ಕ್ಯಾಪ್ ಹಾಕಿ, ಸುತ್ತಿ, ಬ್ಯಾಗಿನಲ್ಲಿ ಬೇರೆ ಖಾನೆಯಲ್ಲಿಡಿ. ಕರಾವಳಿಯಲ್ಲಿ ಕೆಲಸ ಮಾಡುವವರು ಪಂಪಿನ ಬಾಯಿಗೂ ಕ್ಯಾಪ್ ಹಾಕಿ, ಎಣ್ಣೆಯನ್ನು ಬಿಸಿ ಇರುವಾಗಲೇ ಅವತ್ತೇ ಬಸಿದುಬಿಡಿ.